ಸಹಿ ಹಾಕುವ ಮೊದಲು: ಸರ್ಕಾರಿ ಶಾಲೆಯ ದುಡ್ಡು, ಊಟ, ಪಾಠ ನೋಡಿಕೊಳ್ಳಲು ಎಸ್‌ಡಿಎಂಸಿ ಸದಸ್ಯರಿಗೊಂದು ಸಮಗ್ರ ಮಾರ್ಗದರ್ಶಿ

ನಾನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯನಾದ ಮೊದಲ ವರ್ಷ, ನಾವು ಸಭೆಗೆ ಹೋಗುತ್ತಿರಲಿಲ್ಲ, ಸಭೆಯ ಪುಸ್ತಕವೇ ನಮ್ಮ ಮನೆಗೆ ಬರುತ್ತಿತ್ತು. ಸಂಜೆ ಹಾಲು ಕರೆಯುವ ಹೊತ್ತಿಗೆ ಐದನೇ ಕ್ಲಾಸಿನ ಹುಡುಗನೊಬ್ಬ ಅದನ್ನು ಚೀಲದಲ್ಲಿ ಹಾಕಿಕೊಂಡು ಬಂದು, "ಮೇಷ್ಟ್ರು ಇಲ್ಲೊಂದು ಸೈನ್ ಹಾಕ್ಬೇಕಂತೆ" ಅನ್ನುತ್ತಿದ್ದ. ಕೈ ಒರೆಸಿಕೊಂಡು ಹಾಕುತ್ತಿದ್ದೆ. ವರ್ಷದ ಕೊನೆಗೆ ಅದನ್ನು ಮೊದಲಿಂದ ಓದಿದಾಗ, ಶಾಲೆಯ ಮುಂದಿನ ಗೋಡೆಗೆ ಬಣ್ಣ ಹೊಡೆಸಲು ಒಪ್ಪಿಗೆ ಕೊಟ್ಟ ಠರಾವಿನ ಕೆಳಗೆ ನನ್ನ ಸಹಿಯೂ ಇತ್ತು. ಬಣ್ಣ ಹೊಡೆದದ್ದು ನಿಜ, ಬಿಲ್ಲೂ ಸರಿಯಾಗಿತ್ತು. ಆದರೆ ಆ ವರ್ಷವಿಡೀ ಹೆಣ್ಣುಮಕ್ಕಳ ಶೌಚಾಲಯಕ್ಕೆ ಬಾಗಿಲಿರಲಿಲ್ಲ. ಯಾರೂ ಕದ್ದಿರಲಿಲ್ಲ. ಬಾಗಿಲು ಮೊದಲೋ ಬಣ್ಣ ಮೊದಲೋ ಎಂದು ಕೇಳುವ ಅವಕಾಶವನ್ನು ನಾವೇ ಬಿಟ್ಟುಕೊಟ್ಟಿದ್ದೆವು.

ಆಮೇಲಿನ ಎರಡು ವರ್ಷಗಳಲ್ಲಿ ನಾನು ಮತ್ತು ನಮ್ಮ ಸಮಿತಿಯ ತಾಯಂದಿರು ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಈಗಷ್ಟೇ ಸದಸ್ಯರಾದವರು, ಅದರಲ್ಲೂ ಅಧ್ಯಕ್ಷರಾಗಿ ಚೆಕ್ಕಿಗೆ ಸಹಿ ಹಾಕಬೇಕಾದವರು ಇದನ್ನು ಓದಲಿ ಎಂಬುದು ನನ್ನ ಆಸೆ.

ಹೆಜ್ಜೆ 1: ನಿಮಗೆ ಕೇಳುವ ಹಕ್ಕು ಎಲ್ಲಿಂದ ಬಂತು ಎಂದು ತಿಳಿದುಕೊಳ್ಳಿ

"ಅದೆಲ್ಲ ಇಲಾಖೆಯ ವಿಷಯ, ನಿಮಗೆ ಯಾಕೆ?" ಎಂಬ ಮಾತು ಒಂದಲ್ಲ ಒಂದು ದಿನ ಕಿವಿಗೆ ಬೀಳುತ್ತದೆ. ಉತ್ತರ ನಿಮ್ಮ ಬಳಿ ಇರಲಿ.

ವಿಜ್ಞಾನಿ ರಾಜಾ ರಾಮಣ್ಣ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಹಿನ್ನೆಲೆಯಲ್ಲಿ 2001ರ ಏಪ್ರಿಲ್‌ನಲ್ಲಿ ಕರ್ನಾಟಕ ಸರ್ಕಾರ ಎಸ್‌ಡಿಎಂಸಿಗಳನ್ನು ಆದೇಶದ ಮೂಲಕ ರಚಿಸಿತು. 2006ರಲ್ಲಿ ಮಾದರಿ ಉಪವಿಧಿ (ಬೈಲಾ) ಬಂದು, ಸಮಿತಿಗಳಿಗೆ ಗ್ರಾಮ ಪಂಚಾಯಿತಿಯ ಜೊತೆ ನಂಟು ಬೆಳೆಯಿತು. ದೊಡ್ಡ ಬಲ ಸಿಕ್ಕಿದ್ದು ಶಿಕ್ಷಣ ಹಕ್ಕು ಕಾಯ್ದೆಯಿಂದ. 2009ರ ಆ ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 21ನೇ ಸೆಕ್ಷನ್ ಪ್ರಕಾರ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಮಕ್ಕಳ ತಂದೆತಾಯಿ ಅಥವಾ ಪೋಷಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು, ಹಿಂದುಳಿದ ಮತ್ತು ದುರ್ಬಲ ವರ್ಗಗಳ ಮಕ್ಕಳ ಪೋಷಕರಿಗೆ ಅವರ ಪಾಲಿಗೆ ತಕ್ಕ ಸ್ಥಾನವಿರಬೇಕು.

ಸಮಿತಿಯ ಕೆಲಸವನ್ನೂ ಅದೇ ಸೆಕ್ಷನ್ ಹೇಳುತ್ತದೆ: ಶಾಲೆ ಹೇಗೆ ನಡೆಯುತ್ತಿದೆ ಎಂದು ನೋಡುವುದು, ಶಾಲಾಭಿವೃದ್ಧಿ ಯೋಜನೆ ತಯಾರಿಸುವುದು, ಮತ್ತು ಸರ್ಕಾರದಿಂದಾಗಲಿ ಪಂಚಾಯಿತಿಯಿಂದಾಗಲಿ ಬೇರೆ ಯಾರಿಂದಾಗಲಿ ಬಂದ ಹಣದ ಬಳಕೆಯನ್ನು ಗಮನಿಸುವುದು. ಈ ಮೂರನೆಯದನ್ನು ನಮ್ಮ ಸಮಿತಿಯ ಒಬ್ಬ ತಾಯಿ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡಿದ್ದರು. ಸಭೆಯಲ್ಲಿ ಅದನ್ನು ಓದಿ ಹೇಳಿದ ದಿನದಿಂದ "ನಿಮಗೆ ಯಾಕೆ" ಎಂಬ ಪ್ರಶ್ನೆ ನಿಂತಿತು.

ಮಿತಿಯೂ ಗೊತ್ತಿರಲಿ. ಶಿಕ್ಷಕರನ್ನು ಅಮಾನತು ಮಾಡುವ, ವರ್ಗಾಯಿಸುವ ಅಧಿಕಾರ ಸಮಿತಿಗಿಲ್ಲ. ತರಗತಿಗೆ ನುಗ್ಗಿ ಮಕ್ಕಳೆದುರು ಟೀಚರನ್ನು ಗದರಿಸುವುದು ಮೇಲುಸ್ತುವಾರಿಯಲ್ಲ. ಹಾಗೆ ಮಾಡಿದರೆ ಮುಂದೆ ಯಾವ ದಾಖಲೆಯೂ ನಿಮ್ಮ ಮುಂದೆ ಬರುವುದಿಲ್ಲ.

ಹೆಜ್ಜೆ 2: ಪುಸ್ತಕಗಳನ್ನು ಮೇಜಿನ ಮೇಲೆ ತರಿಸಿ

ಮುಖ್ಯ ಶಿಕ್ಷಕರೇ ಸಮಿತಿಯ ಸದಸ್ಯ ಕಾರ್ಯದರ್ಶಿ. ಹಾಗಾಗಿ ದಾಖಲೆಗಳು ಅವರ ಬಳಿಯೇ ಇರುತ್ತವೆ. ಮೊದಲ ಸಭೆಗೆ ಮುಂಚೆ ಶಾಲೆಗೆ ಹೋಗಿ, "ಸರ್, ಮುಂದಿನ ಸಭೆಯಲ್ಲಿ ನಗದು ಪುಸ್ತಕ, ಪಾಸ್‌ಬುಕ್, ವೋಚರ್ ಫೈಲು, ದಾಸ್ತಾನು ವಹಿ, ಬಿಸಿಯೂಟದ ವಹಿ ಎಲ್ಲಾ ಒಂದ್ಸಲ ನೋಡೋಣ, ನಮಗೂ ಕಲಿತ ಹಾಗಾಗುತ್ತೆ" ಎಂದು ಹೇಳಿ. ನಾನು ಕಂಡ ಹೆಚ್ಚಿನ ಮುಖ್ಯ ಶಿಕ್ಷಕರಿಗೆ ಇದರಿಂದ ಬೇಸರವಾಗಲಿಲ್ಲ. ಒಬ್ಬರಂತೂ, ಹತ್ತು ವರ್ಷದಲ್ಲಿ ಇದನ್ನು ಕೇಳಿದವರು ನೀವೇ ಮೊದಲು ಎಂದು ಕುರ್ಚಿ ಹಾಕಿಸಿ ಚಹಾ ತರಿಸಿದರು.

ಓದುವ ಕ್ರಮ ಹೀಗೆ. ನಗದು ಪುಸ್ತಕದಲ್ಲಿ ಒಂದು ಖರ್ಚು ಹಿಡಿಯಿರಿ. ಅದರ ವೋಚರ್ ನಂಬರು ನೋಡಿ ಬಿಲ್ಲು ತೆಗೆಯಿರಿ. ಬಿಲ್ಲಿನ ದಿನಾಂಕ, ಚೆಕ್ಕಿನ ದಿನಾಂಕ, ಪಾಸ್‌ಬುಕ್ಕಿನಲ್ಲಿ ಹಣ ಹೋದ ದಿನಾಂಕ ತಾಳೆಯಾಗುತ್ತವೆಯೇ ನೋಡಿ. ಆಮೇಲೆ ದಾಸ್ತಾನು ವಹಿಯಲ್ಲಿ ಆ ವಸ್ತು ಏರಿದೆಯೇ ನೋಡಿ. ಕೊನೆಗೆ ಎದ್ದು ಹೋಗಿ ಆ ವಸ್ತುವನ್ನೇ ಕಣ್ಣಾರೆ ನೋಡಿ. ಬಿಲ್ಲಿನಲ್ಲಿ ನಾಲ್ಕು ಫ್ಯಾನ್ ಇದ್ದರೆ ಗೋಡೆ, ಸೂರಿನ ಕೆಳಗೂ ನಾಲ್ಕೇ ತಿರುಗಬೇಕು. ಪ್ರತಿ ಸಭೆಗೆ ಎರಡು ಖರ್ಚುಗಳನ್ನು ಹೀಗೆ ಕೊನೆತನಕ ಹಿಂಬಾಲಿಸಿದರೆ ಸಾಕು. ಎಲ್ಲವನ್ನೂ ಒಂದೇ ದಿನ ನೋಡಲು ಹೊರಟರೆ ಯಾವುದನ್ನೂ ನೋಡಿದ ಹಾಗಾಗುವುದಿಲ್ಲ.

ಓದು ಬರಹ ಬಾರದ ಸದಸ್ಯರಿದ್ದರೆ ಅವರನ್ನು ವಸ್ತು ಎಣಿಸುವ ಕೆಲಸಕ್ಕೆ ಸೇರಿಸಿ. ನಮ್ಮಲ್ಲಿ ತಟ್ಟೆ, ಲೋಟ, ಅಕ್ಕಿ ಮೂಟೆಗಳನ್ನು ಅವರಷ್ಟು ಸರಿಯಾಗಿ ಯಾರೂ ಎಣಿಸಲಿಲ್ಲ.

ಹೆಜ್ಜೆ 3: ಎಷ್ಟು ದುಡ್ಡು ಬರಬೇಕಿತ್ತು ಎಂದು ನೀವೇ ಲೆಕ್ಕ ಹಾಕಿ

ಬಂದ ಹಣದ ಲೆಕ್ಕ ಎಲ್ಲರೂ ಕೇಳುತ್ತಾರೆ. ಬರಬೇಕಾಗಿದ್ದ ಹಣದ ಲೆಕ್ಕ ಕೇಳುವವರು ಕಡಿಮೆ.

2018ರಲ್ಲಿ ಸರ್ವ ಶಿಕ್ಷಾ ಅಭಿಯಾನ, ಮಾಧ್ಯಮಿಕ ಶಿಕ್ಷಾ ಅಭಿಯಾನ ಮತ್ತು ಶಿಕ್ಷಕರ ತರಬೇತಿ ಯೋಜನೆಗಳನ್ನು ಒಟ್ಟುಗೂಡಿಸಿ ಸಮಗ್ರ ಶಿಕ್ಷಣ ಯೋಜನೆ ಮಾಡಲಾಯಿತು. ಅದರಡಿ ಶಾಲೆಗೆ ಬರುವ ಶಾಲಾ ಅನುದಾನ ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ. ಮಾರ್ಗಸೂಚಿಯಂತೆ 30 ಮಕ್ಕಳವರೆಗೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000, 1,000ದವರೆಗೆ 75,000, ಅದಕ್ಕೂ ಮೇಲೆ 1 ಲಕ್ಷ. ಇದರಲ್ಲಿ ಕನಿಷ್ಠ ಶೇ 10ರಷ್ಟನ್ನು ಸ್ವಚ್ಛತೆಗೆ ಬಳಸಬೇಕು. 64 ಮಕ್ಕಳ ಶಾಲೆಗೆ ಇದು 25,000 ರೂಪಾಯಿ, ಅದರಲ್ಲಿ 2,500 ಶೌಚಾಲಯ, ಸೋಪು, ಫಿನಾಯಿಲ್, ಪೊರಕೆಗೆ. ಕ್ರೀಡಾ ಸಾಮಗ್ರಿಗೆ ಕಿರಿಯ ಪ್ರಾಥಮಿಕಕ್ಕೆ 5,000, ಹಿರಿಯ ಪ್ರಾಥಮಿಕಕ್ಕೆ 10,000 ರೂಪಾಯಿವರೆಗೆ ಬೇರೆಯೇ ಇದೆ. ಹಣ ಕಂತಿನಲ್ಲಿ ಬರಬಹುದು, ತಡವಾಗಬಹುದು. ತಡವಾಗಿದ್ದರೆ ಅದನ್ನೇ ನಡಾವಳಿಯಲ್ಲಿ ಬರೆಯಿಸಿ.

ಒಂದು ಗೊಂದಲ ಬಗೆಹರಿಸಿಕೊಳ್ಳಿ. ಈಗ ಕೇಂದ್ರದ ಯೋಜನೆಗಳ ಹಣ ಮೊದಲಿನಂತೆ ಶಾಲೆಯ ಖಾತೆಯಲ್ಲಿ ಬಂದು ಕೂರುವುದಿಲ್ಲ. ಹಣ ರಾಜ್ಯಮಟ್ಟದಲ್ಲೇ ಇದ್ದು, ಶಾಲೆಗೆ ಇಷ್ಟು ಖರ್ಚು ಮಾಡಬಹುದೆಂಬ ಮಿತಿ ಮಾತ್ರ ಬರುತ್ತದೆ. ಪಾಸ್‌ಬುಕ್ಕಿನಲ್ಲಿ ಸೊನ್ನೆ ಕಂಡು "ಅನುದಾನವೇ ಬಂದಿಲ್ಲ" ಎಂದು ಸುಮ್ಮನಾಗಬೇಡಿ. "ಈ ಸಾಲಿಗೆ ನಮ್ಮ ಶಾಲೆಗೆ ಎಷ್ಟು ಮಿತಿ ಬಂದಿದೆ, ಎಷ್ಟು ಬಳಸಿದ್ದೇವೆ?" ಎಂದು ಕೇಳಿ. ಮಾರ್ಚ್ ಕೊನೆಯ ವಾರದಲ್ಲಿ ಓಡಾಡಿ ಖರ್ಚು ಮಾಡಿದಾಗಲೇ ಬೇಡದ ವಸ್ತುಗಳು ಶಾಲೆಗೆ ಬರುವುದು. ಈ ಪ್ರಶ್ನೆಯನ್ನು ನವೆಂಬರ್‌ನಲ್ಲೇ ಕೇಳಬೇಕು.

ಖರೀದಿಯಲ್ಲಿ ಶೂ-ಸಾಕ್ಸ್ ಒಳ್ಳೆಯ ಪಾಠ. ವಿದ್ಯಾವಿಕಾಸ ಯೋಜನೆಯ ಈ ಹಣದಲ್ಲಿ ಸಮಿತಿಯೇ ಕೊಂಡು ಕೊಡಬೇಕು: ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಬಿಳಿ ಸಾಕ್ಸ್. 1ರಿಂದ 5ನೇ ತರಗತಿಗೆ 265, 6ರಿಂದ 8ಕ್ಕೆ 295, 9 ಮತ್ತು 10ಕ್ಕೆ 325 ರೂಪಾಯಿ ದರ ಹಲವು ವರ್ಷ ನಡೆದಿದೆ. 40 ಚಿಕ್ಕ ಮಕ್ಕಳು, 24 ದೊಡ್ಡ ಮಕ್ಕಳಿದ್ದರೆ ಆ ದರದಲ್ಲಿ 17,680 ರೂಪಾಯಿ. ಮೂರು ಅಂಗಡಿಯ ಕೊಟೇಶನ್ ತರಿಸಿ. ಒಂದೇ ಕೈಬರಹದ ಮೂರು ಕೊಟೇಶನ್ ಬಂದರೆ ವಾಪಸ್ ಕಳಿಸಿ. ಕೊಳ್ಳುವ ಮೊದಲು ಪ್ರತಿ ಮಗುವಿನ ಪಾದದ ಅಳತೆ ತೆಗೆಯಿರಿ, ಮಾದರಿಗೆಂದು ತಂದ ಒಂದು ಜೊತೆಯನ್ನು ಬಗ್ಗಿಸಿ, ಸೋಲ್ ಎಳೆದು ನೋಡಿ, ಅದನ್ನು ಶಾಲೆಯಲ್ಲೇ ಇಟ್ಟುಕೊಳ್ಳಿ. ಬಂದ ಮಾಲು ಮಾದರಿಯಂತೆ ಇಲ್ಲದಿದ್ದರೆ ಹಣ ಕೊಡಬೇಡಿ.

ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಡಬೇಡಿ. ಅಧ್ಯಕ್ಷರು ಕೂಲಿಗೆ ಹೋಗುವವರು, ಪದೇಪದೇ ಸಿಗುವುದಿಲ್ಲ, ಆದ್ದರಿಂದ ಐದು ಚೆಕ್ಕಿಗೆ ಒಟ್ಟಿಗೆ ಹಾಕಿಸಿಕೊಂಡಿದ್ದೇವೆ ಎಂಬುದು ಸಾಮಾನ್ಯ ಮಾತು. ಅಧ್ಯಕ್ಷರು ಮತ್ತು ಮುಖ್ಯ ಶಿಕ್ಷಕರ ಹೆಸರಲ್ಲಿ ಜಂಟಿ ಖಾತೆ ಮಾಡಿರುವುದೇ ಎರಡನೆಯ ಕಣ್ಣು ಇರಲೆಂದು. ನಾಳೆ ತನಿಖೆಯಾದರೆ ಆ ಬಡ ಅಧ್ಯಕ್ಷರ ಹೆಸರೂ ಅದರಲ್ಲಿ ಬರುತ್ತದೆ. ವಾರದಲ್ಲಿ ಒಂದು ಹೊತ್ತನ್ನು ನಿಗದಿ ಮಾಡಿ: ಸಂತೆಯ ದಿನ ಸಂಜೆಯೋ, ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆಯೋ. ಆ ಹೊತ್ತಿನಲ್ಲಿ ಬಿಲ್ಲು ಓದಿ, ಮೊತ್ತ ಮತ್ತು ಹೆಸರು ತುಂಬಿದ ಮೇಲೆ ಸಹಿ ಹಾಕಿ.

ಪೋಷಕರಿಂದ ವಂತಿಗೆ ಎತ್ತುವ ವಿಷಯದಲ್ಲಿ ಎಚ್ಚರ ಬೇಕು. 2022ರ ಅಕ್ಟೋಬರ್‌ನಲ್ಲಿ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದೆಂಬ ಸುತ್ತೋಲೆ ಹೊರಟು, ವಿರೋಧ ಬಂದು ಕೆಲವೇ ದಿನಗಳಲ್ಲಿ ಹಿಂದಕ್ಕೆ ಹೋಯಿತು. ಯಾರಾದರೂ ಮನಸಾರೆ ಕೊಟ್ಟರೆ ರಸೀದಿ ಹರಿಯಿರಿ, ಖಾತೆಗೆ ಹಾಕಿ. ಕೊಡದ ಮನೆಯ ಮಗುವಿನ ಹೆಸರು ತರಗತಿಯಲ್ಲಿ ಕೂಗಿಸುವುದು ಎಂದಿಗೂ ಆಗಬಾರದು.

ಹೆಜ್ಜೆ 4: ಅಡುಗೆಮನೆಗೆ ತಕ್ಕಡಿ ತನ್ನಿ

ನನ್ನ ಮಟ್ಟಿಗೆ ಸಮಿತಿಯ ಕೆಲಸದಲ್ಲಿ ಇದೇ ಮುಖ್ಯ. ಪಾಠ ಒಂದು ದಿನ ತಪ್ಪಿದರೆ ಮರುದಿನ ಹೇಳಿಕೊಡಬಹುದು, ಹಸಿದ ಮಧ್ಯಾಹ್ನವನ್ನು ಯಾರೂ ವಾಪಸ್ ಕೊಡಲಾರರು.

ಬಿಸಿಯೂಟದ ಯೋಜನೆಯಾದ ಅಕ್ಷರ ದಾಸೋಹ 2002ರ ಜೂನ್‌ನಲ್ಲಿ ರಾಜ್ಯದ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಶುರುವಾಗಿ ಮುಂದಿನ ವರ್ಷ ಉಳಿದ ಕಡೆಗೂ ಬಂತು. ಅಳತೆ ಬಾಯಿಪಾಠವಾಗಬೇಕು. 1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. 6ರಿಂದ 8ರ ಮಗುವಿಗೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ, 7.5 ಗ್ರಾಂ ಎಣ್ಣೆ. ಮೇಲೆ ಹೇಳಿದ 64 ಮಕ್ಕಳೂ ಬಂದ ದಿನ ಅಕ್ಕಿ 7.6 ಕಿಲೊ, ಬೇಳೆ ಸುಮಾರು ಒಂದೂವರೆ ಕಿಲೊ, ತರಕಾರಿ 3.8 ಕಿಲೊ. ಈ ಲೆಕ್ಕವನ್ನು ಒಂದು ರಟ್ಟಿನ ಮೇಲೆ ಬರೆದು ಉಗ್ರಾಣದ ಬಾಗಿಲಿಗೆ ಅಂಟಿಸಿ.

ನಮ್ಮ ಶಾಲೆಯಲ್ಲಿ ಸಾಂಬಾರು ನೀರುನೀರು ಎಂದು ಮಕ್ಕಳು ಮನೆಯಲ್ಲಿ ಹೇಳುತ್ತಿದ್ದರು. ಊರಲ್ಲಿ ಅಡುಗೆಯವರ ಮೇಲೆ ಗುಸುಗುಸು ಎದ್ದಿತ್ತು. ಬೇಳೆ ಮನೆಗೆ ಹೋಗುತ್ತಿದೆ ಎಂದರು. ಇಬ್ಬರು ತಾಯಂದಿರು ಕಿರಾಣಿ ಅಂಗಡಿಯ ತಕ್ಕಡಿ ತಂದು, ಬೇಳೆ ಅಳೆಯುವ ಡಬ್ಬವನ್ನೇ ತೂಗಿದರು. ಅರ್ಧ ಕಿಲೊ ಎಂದುಕೊಂಡಿದ್ದ ಡಬ್ಬ ಅದಕ್ಕಿಂತ ತುಂಬಾ ಕಡಿಮೆ ಹಿಡಿಯುತ್ತಿತ್ತು. ಹಳೆಯ ಡಬ್ಬ ತುಕ್ಕು ಹಿಡಿದಿತ್ತೆಂದು ಯಾವಾಗಲೋ ಬದಲಾಯಿಸಿದ್ದರು, ಲೆಕ್ಕ ಮಾತ್ರ ಹಳೆಯ ಡಬ್ಬದ್ದೇ ಉಳಿದಿತ್ತು. ಅಡುಗೆಯವರು ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಅವತ್ತಿನಿಂದ ನಾನು ಮೊದಲು ತೂಗಿ ನೋಡದೆ ಯಾರ ಮೇಲೂ ಮಾತಾಡುವುದಿಲ್ಲ. ಉಳಿದ ಬೇಳೆ ಎಲ್ಲಿತ್ತು ಎಂದು ಕೇಳುವಿರಿ. ಉಗ್ರಾಣದಲ್ಲೇ ಇತ್ತು, ಹುಳ ಹಿಡಿಯುತ್ತಾ. ದಾಸ್ತಾನು ವಹಿಯಲ್ಲಿ ಬಾಕಿ ಬೆಳೆಯುತ್ತಿದ್ದದ್ದನ್ನು ನಾವು ಯಾರೂ ಓದಿರಲಿಲ್ಲ.

ವಾರಕ್ಕೊಮ್ಮೆ, ಮುಂಚೆ ಹೇಳದೆ, ಇಬ್ಬರು ಸದಸ್ಯರು ಹನ್ನೊಂದು ಗಂಟೆಗೆ ಹೋಗಿ. ಮೊದಲು ತರಗತಿಗಳಲ್ಲಿ ತಲೆ ಎಣಿಸಿ, ಆಮೇಲೆ ಬಿಸಿಯೂಟದ ವಹಿಯಲ್ಲಿ ಎಷ್ಟು ಬರೆದಿದ್ದಾರೆ ನೋಡಿ. ಎರಡೂ ಬೇರೆಯಾಗಿದ್ದರೆ ಕಾರಣ ಕೇಳಿ, ಬರೆದುಕೊಳ್ಳಿ. ಬಡಿಸುವ ಮೊದಲು ಊಟದ ರುಚಿ ನೋಡಿ ರುಚಿ ವಹಿಯಲ್ಲಿ ನಿಮ್ಮ ಅನಿಸಿಕೆ ಬರೆಯಿರಿ. "ಚೆನ್ನಾಗಿದೆ" ಎಂದಷ್ಟೇ ಬರೆಯದೆ "ಅನ್ನ ಬೆಂದಿದೆ, ಸಾಂಬಾರಿನಲ್ಲಿ ಕುಂಬಳ, ಬೇಳೆ ಕಡಿಮೆ" ಎಂದು ಬರೆದರೆ ಅದು ದಾಖಲೆ. ಎಲ್ಲ ಜಾತಿಯ ಮಕ್ಕಳೂ ಒಂದೇ ಸಾಲಿನಲ್ಲಿ ಕೂತಿದ್ದಾರೆಯೇ ನೋಡಿ. ಇದನ್ನು ವಹಿಯಲ್ಲಿ ಯಾರೂ ಬರೆಯುವುದಿಲ್ಲ, ನಿಮ್ಮ ಕಣ್ಣಿಗೆ ಮಾತ್ರ ಕಾಣುತ್ತದೆ.

ಮಕ್ಕಳಿಗೆ ಶಾಲೆಯಲ್ಲಿ ಹಾಲು ಕೊಡಲು 2013ರ ಆಗಸ್ಟ್‌ನಲ್ಲಿ ಶುರುವಾದ ಕ್ಷೀರಭಾಗ್ಯದ ಲೆಕ್ಕ 18 ಗ್ರಾಂ ಕೆನೆಭರಿತ ಹಾಲಿನ ಪುಡಿಗೆ 150 ಮಿಲಿಲೀಟರ್ ಹಾಲು. 64 ಮಕ್ಕಳಿಗೆ 1.15 ಕಿಲೊ ಪುಡಿ, ಒಂಬತ್ತೂವರೆ ಲೀಟರ್ ಚಿಲ್ಲರೆ ಹಾಲು. ಪುಡಿಯ ಪ್ಯಾಕೆಟ್ಟಿನ ಮೇಲಿನ ದಿನಾಂಕ ಓದಿ. ಮೊಟ್ಟೆ 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಷನ್ನಿನ ನೆರವಿನೊಂದಿಗೆ ವಾರಕ್ಕೆ ಆರು ದಿನ ಎಂದಾಯಿತು, ತಿನ್ನದವರಿಗೆ ಬಾಳೆಹಣ್ಣು. ಯಾವ ಮಗು ಏನು ತಿನ್ನುತ್ತದೆ ಎಂಬುದನ್ನು ಪೋಷಕರನ್ನು ಕೇಳಿ ಪಟ್ಟಿ ಮಾಡಿರಬೇಕು. ಊರಿನ ದೊಡ್ಡವರು ಎಲ್ಲ ಮಕ್ಕಳ ಪರವಾಗಿ ತೀರ್ಮಾನ ಮಾಡುವುದು ನ್ಯಾಯವಲ್ಲ.

ಹೆಜ್ಜೆ 5: ಪಾಠದ ಬಗ್ಗೆ ಕೇಳಲು ಹಿಂಜರಿಯಬೇಡಿ

ನಾವು ಓದಿದ್ದು ಏಳನೇ ಕ್ಲಾಸು, ಟೀಚರನ್ನು ಏನು ಕೇಳುವುದು ಎಂಬ ಅಳುಕು ಬಹಳ ಸದಸ್ಯರಿಗಿದೆ. ಕೇಳಲು ಬೇಕಾದ ಮೂರು ಸಂಗತಿಗಳಿಗೆ ಓದು ಬೇಡ.

ಒಂದು, ಶಿಕ್ಷಕರ ಸಂಖ್ಯೆ. ಶಿಕ್ಷಣ ಹಕ್ಕು ಕಾಯ್ದೆಯಂತೆ 1ರಿಂದ 5ಕ್ಕೆ 30 ಮಕ್ಕಳಿಗೊಬ್ಬ ಶಿಕ್ಷಕರು, 6ರಿಂದ 8ಕ್ಕೆ 35ಕ್ಕೊಬ್ಬರು. ಮಂಜೂರಾದ ಹುದ್ದೆ ಎಷ್ಟು, ತುಂಬಿದ್ದು ಎಷ್ಟು, ಅತಿಥಿ ಶಿಕ್ಷಕರು ಎಷ್ಟು ಎಂದು ಬರೆಯಿಸಿ. ಎರಡು, ದಿನಗಳು. ವರ್ಷಕ್ಕೆ ಚಿಕ್ಕ ತರಗತಿಗಳಿಗೆ 200 ದಿನ, 6ರಿಂದ 8ಕ್ಕೆ 220 ದಿನ ಪಾಠ ನಡೆಯಬೇಕು. ಚಲನವಲನ ವಹಿ ತೆಗೆದು ನೋಡಿದರೆ ಶಿಕ್ಷಕರು ತರಬೇತಿ, ಸಭೆ, ಸಮೀಕ್ಷೆ ಎಂದು ಎಷ್ಟು ದಿನ ಹೊರಗಿದ್ದರು ತಿಳಿಯುತ್ತದೆ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಾಕಬಾರದೆಂದು 27ನೇ ಸೆಕ್ಷನ್ ಹೇಳುತ್ತದೆ. ಇಲ್ಲಿ ಸಮಿತಿ ಶಿಕ್ಷಕರ ಪರ ನಿಲ್ಲಬೇಕು. ನಮ್ಮ ಟೀಚರನ್ನು ಪಾಠದ ಹೊತ್ತಿನಲ್ಲಿ ಬೇರೆ ಕೆಲಸಕ್ಕೆ ಕರೆಯಬೇಡಿ ಎಂದು ನಾವು ಬರೆದ ಪತ್ರದಿಂದಲೇ ಅವರಿಗೆ ನಮ್ಮ ಮೇಲೆ ನಂಬಿಕೆ ಬಂದದ್ದು.

ಮೂರು, ಮಕ್ಕಳ ಕಲಿಕೆ. 1ರಿಂದ 3ರವರೆಗಿನ ನಲಿ-ಕಲಿ ಕೊಠಡಿಯಲ್ಲಿ ಕಲಿಕಾ ಏಣಿ ಗೋಡೆಯ ಮೇಲಿರುತ್ತದೆ. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾದ ಈ ಪದ್ಧತಿಯಲ್ಲಿ ಪ್ರತಿ ಮಗು ಯಾವ ಮೆಟ್ಟಿಲಲ್ಲಿದೆ ಎಂದು ತೋರಿಸಲು ಸಾಧ್ಯ. "ನನ್ನ ಮಗಳು ಎಲ್ಲಿದ್ದಾಳೆ, ತೋರಿಸಿ ಟೀಚರ್" ಎಂದರೆ ಸಾಕು. ಮಗುವನ್ನು ಎಲ್ಲರೆದುರು ಎಬ್ಬಿಸಿ ಓದಿಸಿ ಪರೀಕ್ಷೆ ಮಾಡಬೇಡಿ.

ಹೆಜ್ಜೆ 6: ಸಭೆ ಶಾಲೆಯಲ್ಲೇ ನಡೆಯಲಿ, ಠರಾವನ್ನು ಅಲ್ಲೇ ಬರೆಯಿರಿ

ತಿಂಗಳಿಗೊಂದು ಸಭೆ, ನಿಗದಿತ ದಿನ, ಕೂಲಿ ತಪ್ಪದ ಹೊತ್ತು. ಸೂಚನಾ ಪತ್ರದಲ್ಲಿ ವಿಷಯಗಳಿರಲಿ. ಠರಾವನ್ನು ಸಭೆಯಲ್ಲೇ ಬರೆದು, ಗಟ್ಟಿಯಾಗಿ ಓದಿಸಿ, ಖಾಲಿ ಬಿಟ್ಟ ಜಾಗಕ್ಕೆ ಗೆರೆ ಎಳೆದು, ಆಮೇಲೆ ಸಹಿ ಹಾಕಿ. ಹೆಬ್ಬೆಟ್ಟು ಒತ್ತುವವರಿಗೆ ಎರಡು ಸಲ ಓದಿ ಹೇಳಿ. ನಿಮಗೆ ಒಪ್ಪಿಗೆಯಿಲ್ಲದಿದ್ದರೆ "ನನ್ನ ಆಕ್ಷೇಪವಿದೆ" ಎಂದು ಬರೆದು ಸಹಿ ಮಾಡುವುದಕ್ಕೆ ಅಡ್ಡಿಯಿಲ್ಲ. ಹಿಂದಿನ ತಿಂಗಳ ಠರಾವು ಏನಾಯಿತು ಎಂಬುದೇ ಪ್ರತಿ ಸಭೆಯ ಮೊದಲ ವಿಷಯವಾಗಲಿ. ಹೆಂಗಸರು ಬಂದು ಗೋಡೆ ಬದಿ ನಿಲ್ಲುವುದು, ಅವರ ಗಂಡಂದಿರು ಕುರ್ಚಿಯಲ್ಲಿ ಕೂತು ಮಾತಾಡುವುದು ಕಂಡರೆ ಅಧ್ಯಕ್ಷರೇ ಎದ್ದು ಸರಿಪಡಿಸಬೇಕು. ಸದಸ್ಯರು ಆ ಹೆಂಗಸರೇ, ಗಂಡಂದಿರಲ್ಲ.

ಹೆಜ್ಜೆ 7: ಮುಂದಿನ ವರ್ಷದ ಯೋಜನೆ ಡಿಸೆಂಬರ್‌ಗೆ ಮುಗಿಸಿ

ಶಿಕ್ಷಣ ಹಕ್ಕು ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಸರ್ಕಾರದ ಅನುದಾನಕ್ಕೆ ಶಾಲಾಭಿವೃದ್ಧಿ ಯೋಜನೆಯೇ ಆಧಾರ. ಬಹಳ ಕಡೆ ಹಿಂದಿನ ವರ್ಷದ್ದನ್ನೇ ನಕಲು ಮಾಡಿ ಕಳಿಸುತ್ತಾರೆ. ಹಾಗೆ ಬಿಡಬೇಡಿ. ಸಮಿತಿಯವರೆಲ್ಲ ಶಾಲೆ ಸುತ್ತಿ ಸೂರು, ನೀರು, ಶೌಚಾಲಯ, ವಿದ್ಯುತ್ ವೈರು ನೋಡಿ. ಮಕ್ಕಳನ್ನು ಕೇಳಿ. ನವೆಂಬರ್ ಹೊತ್ತಿಗೆ ಪಂಚಾಯಿತಿಯಲ್ಲಿ ನಡೆಯುವ ಮಕ್ಕಳ ಗ್ರಾಮಸಭೆಗೆ ಮಕ್ಕಳು ತಮ್ಮ ಬೇಡಿಕೆ ಬರೆದುಕೊಂಡು ಹೋಗುವಂತೆ ಮಾಡಿ. ನಮ್ಮ ಶೌಚಾಲಯದ ಬಾಗಿಲು ಕೊನೆಗೂ ಬಂದದ್ದು ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಅಲ್ಲಿ ಮೈಕು ಹಿಡಿದು ಕೇಳಿದ ಮೇಲೆ. ಕಾಂಪೌಂಡು, ಆಟದ ಮೈದಾನ, ಅಡುಗೆ ಕೋಣೆಯಂಥ ದೊಡ್ಡ ಕೆಲಸಗಳಿಗೆ ಶಾಲಾ ಅನುದಾನ ಸಾಲದು. ಪಂಚಾಯಿತಿಯ ಕ್ರಿಯಾಯೋಜನೆಯಲ್ಲಿ ಸೇರಿಸಲು ಠರಾವಿನ ಪ್ರತಿಯೊಂದಿಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಅರ್ಜಿ ಕೊಡಿ.

ಹೆಜ್ಜೆ 8: ಶಾಲೆಯಲ್ಲಿ ಬಗೆಹರಿಯದಿದ್ದರೆ ಬರೆದು ಕೇಳಿ

ಮೊದಲು ನಿಮ್ಮ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಗೆ (ಸಿಆರ್‌ಪಿ) ಹೇಳಿ. ನಂತರ ಠರಾವಿನ ನಕಲು ಲಗತ್ತಿಸಿ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಪತ್ರ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಅಲ್ಲಿಂದ ಮೇಲೆ ಜಿಲ್ಲೆಯ ಶಿಕ್ಷಣ ಇಲಾಖೆ ಉಪನಿರ್ದೇಶಕರು (ಡಿಡಿಪಿಐ). ಮಗುವಿನ ಹಕ್ಕಿಗೆ ಧಕ್ಕೆಯಾದ ದೂರನ್ನು ಶಿಕ್ಷಣ ಹಕ್ಕು ಕಾಯ್ದೆಯ 32ನೇ ಸೆಕ್ಷನ್ ಅಡಿ ಸ್ಥಳೀಯ ಪ್ರಾಧಿಕಾರಕ್ಕೆ ಕೊಟ್ಟರೆ ಮೂರು ತಿಂಗಳಲ್ಲಿ ತೀರ್ಮಾನವಾಗಬೇಕು, ಮೇಲ್ಮನವಿ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಹೋಗುತ್ತದೆ.

ಲೆಕ್ಕವನ್ನೇ ತೋರಿಸದಿದ್ದರೆ ಮಾಹಿತಿ ಹಕ್ಕು ಅರ್ಜಿ ಇದೆ: 10 ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದಗಳೊಳಗೆ, 30 ದಿನದಲ್ಲಿ ಉತ್ತರ. "ಎಲ್ಲ ದಾಖಲೆ ಕೊಡಿ" ಎನ್ನಬೇಡಿ. "ಈ ಸಾಲಿನ ಶಾಲಾ ಅನುದಾನದ ನಗದು ಪುಸ್ತಕದ ಪುಟಗಳು ಮತ್ತು ಬಳಕೆ ಪ್ರಮಾಣಪತ್ರದ ನಕಲು" ಎಂದು ಹೆಸರಿಟ್ಟು ಕೇಳಿ. ಆದರೆ ಸದಸ್ಯರಾಗಿ ಸಭೆಯಲ್ಲೇ ನೋಡಬಹುದಾದ ಪುಸ್ತಕಕ್ಕೆ ಅರ್ಜಿ ಹಾಕುವ ಹಂತ ಬಂತೆಂದರೆ ಹೆಜ್ಜೆ 2 ಮತ್ತು 6ರಲ್ಲಿ ಏನೋ ಬಿಟ್ಟುಹೋಗಿದೆ, ಮೊದಲು ಅಲ್ಲಿಗೆ ಹಿಂತಿರುಗಿ.

ಹೆಜ್ಜೆ 9: ಅವಧಿ ಮುಗಿದಾಗ

ಮೂರು ವರ್ಷದ ಕೊನೆಯ ಸಭೆಯಲ್ಲಿ ಎಲ್ಲ ಖಾತೆಗಳ ಬಾಕಿ, ಬಳಸದ ಚೆಕ್ ಹಾಳೆಗಳ ನಂಬರು, ಉಗ್ರಾಣದ ಅಕ್ಕಿ-ಬೇಳೆ-ಪುಡಿಯ ತೂಕ, ಮುಗಿಯದ ಕೆಲಸಗಳ ಪಟ್ಟಿ ನಡಾವಳಿಯಲ್ಲಿ ಬರೆಯಿಸಿ. ಹೊಸ ಸಮಿತಿಯವರನ್ನು ಅದೇ ಸಭೆಗೆ ಕರೆದು ಓದಿ ಹೇಳಿ. ಅದೇ ವಾರ ಹೊಸ ಅಧ್ಯಕ್ಷರೊಂದಿಗೆ ಬ್ಯಾಂಕಿಗೆ ಹೋಗಿ ನಿಮ್ಮ ಮಾದರಿ ಸಹಿ ತೆಗೆಸಿ, ಅವರದ್ದನ್ನು ಕೊಡಿಸಿ.